ಕರೆಂಟು ಹೋಗದ ನಾಡಿನಲ್ಲಿ ತುರ್ತು ದೀಪ

ಕರ್ನಾಟಕದಿಂದ ಬಂದವರಿಗೆ ಕರೆಂಟು ಹೋಗುವುದೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಕೆಇಬಿಯ ಕಾಲದಿಂದ ಬೆಸ್ಕಾಂ ಕಾಲದವರೆಗೂ ಲೋಡ್ ಶೆಡ್ಡಿಂಗ್ ಜೊತೆಯಲ್ಲೇ ಬೆಳೆದವರು ನಾವು. ದೇವರ ಮನೆಯ ಪಕ್ಕದಲ್ಲಿ ಮೇಣದಬತ್ತಿ, ಅದರ ಪಕ್ಕದಲ್ಲೇ ಬೆಂಕಿಪೊಟ್ಟಣ, ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಯುಪಿಎಸ್, ಅಂಗಡಿಗಳ ಮುಂದೆ ಗುರುಗುಟ್ಟುವ ಜನರೇಟರ್. ದೀಪ ಆರಿದ ಕೂಡಲೇ ಮನೆಯ ಪ್ರತಿಯೊಬ್ಬರಿಗೂ ಕತ್ತಲಲ್ಲೇ ಎಲ್ಲಿಗೆ ಕೈ ಚಾಚಬೇಕೆಂದು ಗೊತ್ತಿರುತ್ತಿತ್ತು.

ಮಲೇಷ್ಯಾಕ್ಕೆ ಬಂದ ಮೇಲೆ ಆ ಅಭ್ಯಾಸ ತಪ್ಪಿಹೋಯಿತು. ಇಲ್ಲಿ ಕರೆಂಟು ಹೋಗುವುದು ಅಪರೂಪ. ನಮ್ಮ ಕಾಂಡೋಗಳಲ್ಲಿ ಮೇಣದಬತ್ತಿ ಇದ್ದರೆ ಅದು ಹುಟ್ಟುಹಬ್ಬದ ಕೇಕಿಗಾಗಿ. ಇದು ಸಂತೋಷದ ವಿಷಯವೇ. ಆದರೆ ಇದೇ ಸಂತೋಷದ ಹಿಂದೆ ಒಂದು ಅಪಾಯ ಕುಳಿತಿದೆ. ಊರಿನಲ್ಲಿ ಪ್ರತಿ ಸಂಜೆಯ ಲೋಡ್ ಶೆಡ್ಡಿಂಗ್ ನಮ್ಮ ಯುಪಿಎಸ್ಸನ್ನು ಪರೀಕ್ಷೆ ಮಾಡಿಬಿಡುತ್ತಿತ್ತು. ಬ್ಯಾಟರಿ ಸತ್ತಿದ್ದರೆ ಅಂದೇ ಗೊತ್ತಾಗುತ್ತಿತ್ತು, ಮರುದಿನ ರಿಪೇರಿಯವನು ಬರುತ್ತಿದ್ದ. ಇಲ್ಲಿ ನಮ್ಮ ಆಫೀಸು, ಕಾರ್ಖಾನೆ, ಮಾಲ್‌ಗಳ ಗೋಡೆಯ ಮೇಲಿರುವ ತುರ್ತು ದೀಪಗಳಿಗೆ ಆ ಪರೀಕ್ಷೆ ವರ್ಷಗಟ್ಟಲೆ ಬರುವುದೇ ಇಲ್ಲ. ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ತಿಳಿಯುವುದು ನಿಜವಾದ ಅನಾಹುತದ ದಿನ, ಅದೂ ಹೊಗೆ ತುಂಬಿದ ಮೆಟ್ಟಿಲಲ್ಲಿ ನಿಂತಾಗ.

ವಾಣಿಜ್ಯ ಮತ್ತು ಕೈಗಾರಿಕಾ ಕಟ್ಟಡಗಳಲ್ಲಿ ತುರ್ತು ದೀಪಗಳ ಬಗ್ಗೆ ಮಲೇಷ್ಯಾದ ಕಾನೂನು ಏನು ಹೇಳುತ್ತದೆ, ಅದು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗುತ್ತದೆ, ಇಲ್ಲಿ ದುಡಿಯುವ ನಮ್ಮಂಥವರಿಗೆ ಇದರಲ್ಲಿ ಏನು ಪಾಲು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕತ್ತಲೆ ಬಂದೇ ಇಲ್ಲವೇ?

ಬಂದಿದೆ. 1992ರ ಸೆಪ್ಟೆಂಬರ್ 29ರಂದು ಪರ್ಯಾಯ ದ್ವೀಪದ ಬಹುಭಾಗ ಕತ್ತಲಲ್ಲಿ ಮುಳುಗಿತ್ತು. 1996ರ ಆಗಸ್ಟ್ 3ರ ಸಂಜೆ ತೆರೆಂಗಾನುವಿನ ಪಾಕಾ ವಿದ್ಯುತ್ ಕೇಂದ್ರದ ಬಳಿ ಆರಂಭವಾದ ತೊಂದರೆ ಸರಪಳಿಯಂತೆ ಹರಡಿ ಇಡೀ ಪರ್ಯಾಯ ದ್ವೀಪದ ವಿದ್ಯುತ್ ನಿಂತುಹೋಯಿತು. 2005ರ ಜನವರಿ 13ರಂದು ಕೌಲಾಲಂಪುರವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಮಧ್ಯಾಹ್ನ ಕರೆಂಟು ಹೋಯಿತು. ತೀರಾ ಈಚೆಗೆ, 2022ರ ಜುಲೈ 27ರಂದು ಜೋಹೋರಿನ ಯೋಂಗ್ ಪೆಂಗ್ ಉಪಕೇಂದ್ರದಲ್ಲಿ ಆದ ದೋಷದಿಂದ ಅನೇಕ ಕಡೆ ವಿದ್ಯುತ್ ಕಡಿತವಾಯಿತು.

ಮೂವತ್ತು ವರ್ಷಗಳಲ್ಲಿ ನೆನಪಿಡುವಂಥ ದೊಡ್ಡ ಕತ್ತಲೆಗಳೆಂದರೆ ಇಷ್ಟೇ, ಬೆರಳೆಣಿಕೆಯಷ್ಟು. ಇಷ್ಟು ಒಳ್ಳೆಯ ವ್ಯವಸ್ಥೆ ಇರುವಾಗ ತುರ್ತು ದೀಪದ ಚಿಂತೆ ಯಾಕೆ ಎಂದು ಯಾರಾದರೂ ಕೇಳಬಹುದು. ಕೇಳುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಊರಿಗೆ ಊರೇ ಕತ್ತಲಾಗುವುದು ಒಂದು ಬಗೆ. ನಮ್ಮ ಮಹಡಿಯ ಒಂದು ಓಣಿ ಮಾತ್ರ ಕತ್ತಲಾಗುವುದು ಇನ್ನೊಂದು ಬಗೆ. ಪ್ರಾಣ ತೆಗೆಯುವುದು ಹೆಚ್ಚಾಗಿ ಈ ಎರಡನೆಯದು. ಏಕೆಂದರೆ ಅದು ಬೆಂಕಿಯ ಜೊತೆ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಮಲೇಷ್ಯಾದಲ್ಲಿ ಕಟ್ಟಡಗಳ ಬೆಂಕಿ ಸುರಕ್ಷತೆಗೆ ಎರಡು ಮುಖ್ಯ ಆಧಾರಗಳಿವೆ. ಮೊದಲನೆಯದು 1984ರ ಏಕರೂಪ ಕಟ್ಟಡ ಉಪನಿಯಮಗಳು. ಇಂಜಿನಿಯರುಗಳು, ವಾಸ್ತುಶಿಲ್ಪಿಗಳು ಇದನ್ನು ಚುಟುಕಾಗಿ ಯುಬಿಬಿಎಲ್ ಎನ್ನುತ್ತಾರೆ. 1974ರ ರಸ್ತೆ, ಚರಂಡಿ ಮತ್ತು ಕಟ್ಟಡ ಕಾಯ್ದೆಯ ಅಡಿಯಲ್ಲಿ ಬಂದ ಈ ನಿಯಮಗಳನ್ನು ಆಯಾ ರಾಜ್ಯಗಳು ತಮ್ಮಲ್ಲಿ ಜಾರಿಗೆ ತಂದವು. ಆಮೇಲೆ ಕಾಲಕಾಲಕ್ಕೆ ತಿದ್ದುಪಡಿಗಳೂ ಆಗಿವೆ. ಎರಡನೆಯದು 1988ರ ಅಗ್ನಿಶಾಮಕ ಸೇವೆಗಳ ಕಾಯ್ದೆ. ಇದನ್ನು ನಡೆಸುವುದು ಎಲ್ಲರ ಬಾಯಲ್ಲೂ ಬೊಂಬಾ ಎಂದೇ ಹೆಸರಾದ ಅಗ್ನಿಶಾಮಕ ಮತ್ತು ರಕ್ಷಣಾ ಇಲಾಖೆ.

ಯುಬಿಬಿಎಲ್‌ನ 253ನೇ ಉಪನಿಯಮ ತುರ್ತು ವಿದ್ಯುತ್ತಿನ ಬಗ್ಗೆ ಇದೆ. ಮಾಮೂಲಿ ವಿದ್ಯುತ್ ನಿಂತರೆ ತುರ್ತು ದೀಪ ಮತ್ತು ತುರ್ತು ವಿದ್ಯುತ್ 10 ಸೆಕೆಂಡುಗಳ ಒಳಗೆ ಸಿಗಬೇಕು ಎಂದು ಅದು ಹೇಳುತ್ತದೆ. ಬ್ಯಾಟರಿಯಿಂದ ನಡೆಸುವುದಾದರೆ ಅದು ಕನಿಷ್ಠ ಒಂದೂವರೆ ಗಂಟೆ ಹೊರೆ ಹೊರಬೇಕು. ದೀಪಗಳು ಮಾತ್ರವಲ್ಲ, ಬೆಂಕಿಯ ಎಚ್ಚರಿಕೆ ಗಂಟೆ, ಧ್ವನಿವರ್ಧಕ, ನೀರಿನ ಪಂಪು, ಅಗ್ನಿಶಾಮಕರ ಲಿಫ್ಟ್ ಇವೆಲ್ಲಕ್ಕೂ ಈ ತುರ್ತು ವಿದ್ಯುತ್ ಬೇಕು.

172ನೇ ಉಪನಿಯಮ ನಿರ್ಗಮನ ಫಲಕಗಳ ಬಗ್ಗೆ. ನಮ್ಮ ಮಕ್ಕಳು ಮಲಯ ಭಾಷೆಯಲ್ಲಿ ಓದಲು ಕಲಿಯುವ ಮೊದಲ ಪದಗಳಲ್ಲಿ ಒಂದಾದ 'ಕೆಲುಆರ್' ಎಂಬ ಫಲಕ ಇದೇ. 'ಹೊರಗೆ ಹೋಗು' ಎಂದು ಅದರ ಅರ್ಥ. ಅಕ್ಷರಗಳು ಕನಿಷ್ಠ 150 ಮಿಲಿಮೀಟರ್ ಎತ್ತರವಿರಬೇಕು, ಕಟ್ಟಡದಲ್ಲಿ ಜನರಿರುವಷ್ಟು ಹೊತ್ತೂ ಫಲಕ ಬೆಳಗುತ್ತಲೇ ಇರಬೇಕು ಎಂದು 1984ರಲ್ಲೇ ಬರೆದಿಟ್ಟರು.

ಇನ್ನು 1988ರ ಕಾಯ್ದೆ. ಹೋಟೆಲು, ಆಸ್ಪತ್ರೆ, ಮಾಲು, ಕಾರ್ಖಾನೆ, ಎತ್ತರದ ಕಚೇರಿ ಹೀಗೆ ಬಳಕೆ ಮತ್ತು ಗಾತ್ರಕ್ಕೆ ತಕ್ಕಂತೆ ಸೂಚಿತವಾದ ಕಟ್ಟಡಗಳು ಬೊಂಬಾದಿಂದ ಅಗ್ನಿ ಪ್ರಮಾಣಪತ್ರ ಪಡೆಯಬೇಕು. ಒಮ್ಮೆ ಪಡೆದರೆ ಸಾಲದು, ಪ್ರತಿ ವರ್ಷ ನವೀಕರಿಸಬೇಕು. ತಪಾಸಣೆಯಲ್ಲಿ ದೋಷ ಕಂಡರೆ ಅದನ್ನು ಸರಿಪಡಿಸಲು ನೋಟಿಸು ಕೊಡುವ ಅಧಿಕಾರ ಇಲಾಖೆಗೆ ಇದೆ. ಬೆಂಕಿಯ ಅಪಾಯವೆಂದರೆ ಏನು ಎಂಬುದಕ್ಕೂ ಈ ಕಾಯ್ದೆ ವಿಶಾಲವಾದ ಅರ್ಥ ಕೊಟ್ಟಿದೆ. ಸುರಕ್ಷತಾ ಸಾಧನ ಇಲ್ಲದಿರುವುದು ಮಾತ್ರವಲ್ಲ, ಇದ್ದೂ ಸರಿಯಾಗಿ ಕೆಲಸ ಮಾಡದಿರುವುದೂ ಅಪಾಯವೇ.

ಕಾಗದದ ಮೇಲೆ ನೋಡಿದರೆ ಇವು ಒಳ್ಳೆಯ ನಿಯಮಗಳು. ಆ ಹತ್ತು ಸೆಕೆಂಡು, ಒಂದೂವರೆ ಗಂಟೆಗಳು ಅಮೆರಿಕದ ವಿದ್ಯುತ್ ಸಂಹಿತೆಯಲ್ಲೂ ಇರುವ ಅಳತೆಗಳು. ಇಪ್ಪತ್ತನೇ ಮಹಡಿಯಿಂದ ಇಳಿಯುವವರಿಗೆ ಒಂದೊಂದು ಮಹಡಿಗೆ ಅರ್ಧ ನಿಮಿಷವೆಂದು ಇಟ್ಟುಕೊಂಡರೂ ಹತ್ತು ನಿಮಿಷ ಬೇಕು. ಜನಜಂಗುಳಿ, ವಯಸ್ಸಾದವರು, ಗರ್ಭಿಣಿಯರು, ನಡುವೆ ನಿಂತು ಉಸಿರು ತೆಗೆದುಕೊಳ್ಳುವವರು ಇದ್ದರೆ ಇನ್ನೂ ಹೆಚ್ಚು. ಅವರೆಲ್ಲ ಇಳಿದ ಮೇಲೆ ಒಳಗೆ ಉಳಿದವರನ್ನು ಹುಡುಕಲು ಅಗ್ನಿಶಾಮಕರು ಅದೇ ಮೆಟ್ಟಿಲನ್ನು ಹತ್ತಬೇಕು. ಒಂದೂವರೆ ಗಂಟೆ ದುಂದಲ್ಲ.

ಜನರೇಟರ್ ಇದೆಯಲ್ಲ, ಸಾಲದೇ?

ಬಹಳ ಜನರ ತಪ್ಪು ತಿಳುವಳಿಕೆ ಇಲ್ಲಿದೆ. 'ನಮ್ಮ ಕಟ್ಟಡಕ್ಕೆ ದೊಡ್ಡ ಜನರೇಟರ್ ಇದೆ, ಕರೆಂಟು ಹೋದರೆ ಲಿಫ್ಟೂ ನಡೆಯುತ್ತದೆ' ಎಂದು ನಿಶ್ಚಿಂತೆಯಿಂದ ಇರುತ್ತೇವೆ. ಊರಿಗೆ ಕರೆಂಟು ಹೋದಾಗ ಇದು ನಿಜ. ಹೊರಗಿನಿಂದ ಬರುವ ವಿದ್ಯುತ್ ನಿಂತಿದ್ದನ್ನು ಸ್ವಿಚ್ಚು ಗುರುತಿಸುತ್ತದೆ, ಜನರೇಟರ್ ಏಳುತ್ತದೆ, ದೀಪ ಬರುತ್ತದೆ.

ಆದರೆ ಹನ್ನೊಂದನೇ ಮಹಡಿಯ ಛಾವಣಿಯೊಳಗೆ ಒಂದು ವೈರು ಸುಟ್ಟಿತು ಎಂದುಕೊಳ್ಳಿ. ಆ ಓಣಿಯ ದೀಪಗಳ ಸರ್ಕ್ಯೂಟ್ ಮಾತ್ರ ಟ್ರಿಪ್ ಆಗುತ್ತದೆ. ಕೆಳಗೆ ಮುಖ್ಯ ಸ್ವಿಚ್ಚಿಗೆ ಬರುವ ವಿದ್ಯುತ್ ಹಾಗೆಯೇ ಇದೆ. ಜನರೇಟರಿನ ಪಾಲಿಗೆ ಏನೂ ಆಗಿಲ್ಲ, ಅದು ಮಲಗಿಯೇ ಇರುತ್ತದೆ. ಓಣಿಯಲ್ಲಿ ಮಾತ್ರ ಗಾಢ ಕತ್ತಲೆ. ಅದು ಎದ್ದರೂ ಪ್ರಯೋಜನವಿಲ್ಲ, ಸುಟ್ಟ ವೈರಿನಲ್ಲಿ ಅದರ ವಿದ್ಯುತ್ ಹರಿಯುವುದಿಲ್ಲವಲ್ಲ!

ಆದ್ದರಿಂದಲೇ ಒಂದೊಂದು ದೀಪದೊಳಗೂ ಅದರದೇ ಪುಟ್ಟ ಬ್ಯಾಟರಿ ಇಡುವ ಪದ್ಧತಿ ಬಂದಿತು. ಆ ದೀಪ ತನ್ನ ಸುತ್ತಲಿನ ಮಾಮೂಲಿ ದೀಪಗಳ ಸರ್ಕ್ಯೂಟನ್ನೇ ಕಾಯುತ್ತಿರುತ್ತದೆ. ಅದು ಸತ್ತ ಕ್ಷಣ ಇದು ಹೊತ್ತಿಕೊಳ್ಳುತ್ತದೆ. ಯಾರ ಅಪ್ಪಣೆಗೂ ಕಾಯುವುದಿಲ್ಲ. 253ನೇ ಉಪನಿಯಮವೂ ಕಟ್ಟಡಕ್ಕೆ ಬರುವ ವಿದ್ಯುತ್ ಮಾತ್ರವಲ್ಲ, ಕಟ್ಟಡದೊಳಗಿನ ವಿದ್ಯುತ್ ನಿಂತರೂ ತುರ್ತು ದೀಪ ಬರಬೇಕು ಎನ್ನುತ್ತದೆ. ಈ 'ಒಳಗಿನ' ಎಂಬ ಒಂದು ಪದದಲ್ಲೇ ನಿಯಮದ ಜೀವ ಇದೆ ಎನ್ನಬಹುದು.

ಎಷ್ಟು ಬೆಳಕು ಬೇಕು?

ಬೆಳಕನ್ನು ಅಳೆಯುವ ಮಾನ ಲಕ್ಸ್. ನಾವು ಕೆಲಸ ಮಾಡುವ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಇರುತ್ತದೆ. ಮೋಡವಿಲ್ಲದ ಹುಣ್ಣಿಮೆಯ ರಾತ್ರಿ ನೆಲದ ಮೇಲೆ ಬೀಳುವ ಬೆಳದಿಂಗಳು ಕಾಲು ಲಕ್ಸಿನ ಆಸುಪಾಸು. ಯೂರೋಪಿನ ಮಾನದಂಡ ಪಾರಾಗುವ ದಾರಿಯಲ್ಲಿ ಕನಿಷ್ಠ 1 ಲಕ್ಸ್ ಕೇಳುತ್ತದೆ. ಅಂದರೆ ಬೆಳದಿಂಗಳಿಗಿಂತ ನಾಲ್ಕೈದು ಪಟ್ಟು, ಅಷ್ಟೇ. ಓದಲು ಸಾಲದು, ಎಡವದೆ ನಡೆಯಲು ಸಾಕು. ಇದರಲ್ಲಿ ಅರ್ಧ ಬೆಳಕು 5 ಸೆಕೆಂಡಿನಲ್ಲಿ, ಪೂರ್ತಿ ಬೆಳಕು 60 ಸೆಕೆಂಡಿನಲ್ಲಿ ಬರಬೇಕು. ಅಮೆರಿಕದ ಮಾನದಂಡ ಇನ್ನೂ ಉದಾರಿ, ಸರಾಸರಿ ಸುಮಾರು 10 ಲಕ್ಸ್ ಕೇಳುತ್ತದೆ.

ಕಾರ್ಖಾನೆಗಳ ಲೆಕ್ಕ ಬೇರೆ. ಪೆನಾಂಗಿನ ಬಾಯನ್ ಲೆಪಾಸ್, ಶಾ ಆಲಂ, ಜೋಹೋರ್ ಬಾರುಗಳ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಿಗೆ ಇದು ಗೊತ್ತಿರಬೇಕು. ಆಫೀಸಿನಲ್ಲಿ ದೀಪ ಆರಿದರೆ ಕುರ್ಚಿ ತಾಗಿ ಮೊಣಕಾಲು ನೋಯಬಹುದು. ಕಾರ್ಖಾನೆಯಲ್ಲಿ ದೀಪ ಆರಿದಾಗ ತಿರುಗುವ ಯಂತ್ರ ತಕ್ಷಣ ನಿಲ್ಲುವುದಿಲ್ಲ, ಆಸಿಡ್ ತೊಟ್ಟಿ ಇದ್ದಲ್ಲೇ ಇರುತ್ತದೆ, ಫೋರ್ಕ್‌ಲಿಫ್ಟ್ ಓಡುತ್ತಲೇ ಇರುತ್ತದೆ. ಇಂಥ ಕಡೆ ಮೊದಲು ಯಂತ್ರವನ್ನು ಸುರಕ್ಷಿತವಾಗಿ ನಿಲ್ಲಿಸಿ ಆಮೇಲೆ ಹೊರಡಬೇಕು. ಆದ್ದರಿಂದ ಯೂರೋಪಿನ ಮಾನದಂಡ ಅಪಾಯದ ಕೆಲಸ ನಡೆಯುವ ಜಾಗದಲ್ಲಿ ಮಾಮೂಲಿ ಬೆಳಕಿನ ಶೇ. 10ರಷ್ಟು, ಅದೂ 15 ಲಕ್ಸಿಗೆ ಕಡಿಮೆಯಿಲ್ಲದಂತೆ, ಅರ್ಧ ಸೆಕೆಂಡಿನಲ್ಲಿ ಬರಬೇಕೆನ್ನುತ್ತದೆ. ಅಲ್ಲಿ ಹತ್ತು ಸೆಕೆಂಡು ಬಹಳ ದೀರ್ಘ ಕಾಲ.

ದೀಪವಿಲ್ಲದ ಮೆಟ್ಟಿಲುಗಳ ಪಾಠ

ಈ ನಿಯಮಗಳು ಯಾರೋ ಕುರ್ಚಿಯಲ್ಲಿ ಕುಳಿತು ಕಲ್ಪಿಸಿಕೊಂಡವಲ್ಲ. ಪ್ರತಿಯೊಂದರ ಹಿಂದೆ ಜೀವಗಳಿವೆ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಹೊತ್ತಿ, ಹೊಗೆ ಬಾಲ್ಕನಿಗೆ ಏರಿತು. ಕರೆಂಟು ಹೋಗಿ ಒಳಗೆಲ್ಲ ಕತ್ತಲು. ದಾರಿ ತೋರಿಸುವ ತುರ್ತು ದೀಪಗಳು ಇರಲಿಲ್ಲ. ಎಚ್ಚರಿಕೆಯ ಘೋಷಣೆಯೂ ಆಗಲಿಲ್ಲ. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿಯ ಜ್ವಾಲೆಯಲ್ಲ, ಉಸಿರುಕಟ್ಟಿಸಿದ ಹೊಗೆ. ಹೊರಬರುವ ದಾರಿ ಕಾಣದೆ ಹೊಗೆಯಲ್ಲಿ ಉಳಿದುಬಿಟ್ಟಿದ್ದೇ ಅವರ ಪಾಲಿಗೆ ಮುಳುವಾಯಿತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1993ರ ಫೆಬ್ರವರಿ 26ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ತಳಮಹಡಿಯಲ್ಲಿ ಬಾಂಬ್ ಸಿಡಿದಾಗ ಮಾಮೂಲಿ ವಿದ್ಯುತ್ತಿನ ಜೊತೆಗೆ ತುರ್ತು ವ್ಯವಸ್ಥೆಯೂ ನಿಂತಿತು. ಜನ ಹೊಗೆ ತುಂಬಿದ ಕತ್ತಲ ಮೆಟ್ಟಿಲುಗಳಲ್ಲಿ ಗಂಟೆಗಟ್ಟಲೆ ತಡಕಾಡುತ್ತ ಇಳಿದರು. ಆಮೇಲೆ ಅಲ್ಲಿ ಮೆಟ್ಟಿಲ ದೀಪಗಳಿಗೆ ಬ್ಯಾಟರಿ ಹಾಕಿದರು, ಮೆಟ್ಟಿಲಿನ ಅಂಚು, ಕೈಕಂಬಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದರು. 2001ರ ಸೆಪ್ಟೆಂಬರ್ 11ರ ದುರಂತದಲ್ಲಿ ವಿಮಾನ ಬಡಿದ ಮಹಡಿಗಳಿಗಿಂತ ಕೆಳಗಿದ್ದ ಬಹುಪಾಲು ಜನ ಪಾರಾಗಲು ಈ ಸುಧಾರಣೆಗಳೂ ನೆರವಾದವು ಎಂದು ತನಿಖೆಗಳು ಹೇಳಿದವು. 2004ರಲ್ಲಿ ನ್ಯೂಯಾರ್ಕ್ ನಗರ ಎತ್ತರದ ಕಚೇರಿ ಕಟ್ಟಡಗಳ ಮೆಟ್ಟಿಲುಗಳಿಗೆ ಹೊಳೆಯುವ ಗುರುತುಗಳನ್ನು ಕಡ್ಡಾಯ ಮಾಡಿತು. ಹೊಗೆ ಮೇಲಕ್ಕೆ ಏರುತ್ತದೆ, ಛಾವಣಿಯ ಫಲಕವನ್ನು ಮೊದಲು ನುಂಗುತ್ತದೆ. ನೆಲದ ಹತ್ತಿರದ ಗುರುತು ಕೊನೆಯವರೆಗೂ ಕಾಣುತ್ತದೆ. ಸರಳವಾದ ಸತ್ಯ.

ನಮಗೆ ಇನ್ನೂ ಹತ್ತಿರದ ನೋವು ಬೆಂಗಳೂರಿನದು. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ಲುಗಳ ಕೊಳವೆಯಲ್ಲಿ ಬೆಂಕಿ ಹತ್ತಿತು. ಏಳು ಮಹಡಿಯ ಆಫೀಸು ಕಟ್ಟಡ, ಮಧ್ಯಾಹ್ನದ ಹೊತ್ತು, ಒಳಗೆ ನಮ್ಮಂತೆಯೇ ಕಂಪ್ಯೂಟರ್ ಮುಂದೆ ಕುಳಿತ ಹುಡುಗ ಹುಡುಗಿಯರು. ದಟ್ಟ ಹೊಗೆ ಮೆಟ್ಟಿಲನ್ನು ತುಂಬಿತು. ತುರ್ತು ಬಾಗಿಲುಗಳಿಗೆ ಬೀಗ ಹಾಕಿತ್ತೆಂದು ಅಂದು ವರದಿಯಾಯಿತು. ಜನ ಕಿಟಕಿಯ ಗಾಜು ಒಡೆದು ಗಾಳಿಗೆ ಬಾಯಿ ಚಾಚಿದರು, ಕೆಲವರು ಕೆಳಗೆ ಹಾರಿದರು. ಒಂಬತ್ತು ಮಂದಿ ಸತ್ತರು. ಬೆಂಕಿ ದೊಡ್ಡದಾಗಿರಲಿಲ್ಲ, ದಾರಿ ಇಲ್ಲದಿದ್ದುದು ದೊಡ್ಡದಾಯಿತು. ಅಂದು ತಮ್ಮವರನ್ನು ಕಳೆದುಕೊಂಡ ಕುಟುಂಬಗಳ ನೋವಿನಿಂದ ಹುಟ್ಟಿದ 'ಬಿಯಾಂಡ್ ಕಾರ್ಲ್‌ಟನ್' ಸಂಸ್ಥೆ ಬೆಂಕಿ ಸುರಕ್ಷತೆಗಾಗಿ ದನಿ ಎತ್ತಿತು.

ಮಲೇಷ್ಯಾದ್ದೇ ಉದಾಹರಣೆ ಬೇಕೆಂದರೆ 2017ರ ಸೆಪ್ಟೆಂಬರ್ 14ರ ಬೆಳಗಿನ ಜಾವ ಕೌಲಾಲಂಪುರದ ಕೆರಾಮಾಟ್ ಪ್ರದೇಶದ ತಾಹ್ಫಿಜ್ ವಸತಿ ಶಾಲೆಯಲ್ಲಿ ನಡೆದದ್ದನ್ನು ನೆನೆಯಬೇಕು. ಮೇಲಿನ ಮಹಡಿಯಲ್ಲಿ ಮಲಗಿದ್ದ ಮಕ್ಕಳು, ಇಬ್ಬರು ಶಿಕ್ಷಕರು ಸೇರಿ 23 ಜನ ಪ್ರಾಣ ಬಿಟ್ಟರು. ಬೆಂಕಿ ಕಿಡಿಗೇಡಿಗಳದು. ಆದರೆ ಮೂಲ ನಕ್ಷೆಯಲ್ಲಿ ಆ ಮಹಡಿಯಿಂದ ಎರಡು ಮೆಟ್ಟಿಲುಗಳಿಗೆ ದಾರಿ ಇತ್ತು, ನಡುವೆ ಗೋಡೆ ಎಬ್ಬಿಸಿ ಒಂದನ್ನು ಮುಚ್ಚಲಾಗಿತ್ತು, ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ ಇತ್ತು ಎಂದು ಅಧಿಕಾರಿಗಳು ಹೇಳಿದರು. ದೀಪ ತೋರಿಸಲಿಕ್ಕೆ ಮೊದಲು ದಾರಿ ಎಂಬುದು ಇರಬೇಕು ಎಂಬ ಪಾಠ ಇದು. ಬೆಳಗುವ ಫಲಕದ ಕೆಳಗೆ ಬೀಗ ಹಾಕಿದ ಬಾಗಿಲಿದ್ದರೆ ಆ ಫಲಕ ಸುಳ್ಳು ಹೇಳಿದಂತೆ.

ಸಡಿಲವಾಗುವುದು ಎಲ್ಲಿ?

ಕಟ್ಟಡ ಕಟ್ಟುವಾಗ ನಕ್ಷೆಗೆ ಒಪ್ಪಿಗೆ ಬೇಕು, ದೀಪಗಳನ್ನು ಎಣಿಸುತ್ತಾರೆ, ಪರೀಕ್ಷಿಸುತ್ತಾರೆ. ಹೊಸ ಕಟ್ಟಡದ ಮೊದಲ ದಿನ ಎಲ್ಲವೂ ಸರಿ. ಆಮೇಲೆ? ತುರ್ತು ದೀಪದ ಶತ್ರು ಕಾಲ. ಅದರೊಳಗೆ ಸಾಮಾನ್ಯವಾಗಿ ಇರುವ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯ ಆಯುಷ್ಯ ಸುಮಾರು ನಾಲ್ಕು ವರ್ಷ. ಬಿಸಿ ಹೆಚ್ಚಾದರೆ ಅದೂ ಇಲ್ಲ. ಏಸಿ ಇಲ್ಲದ ಮೆಟ್ಟಿಲು ಗೂಡು, ತಗಡಿನ ಛಾವಣಿಯ ಗೋದಾಮು ಇವುಗಳಲ್ಲಿ ಮಲೇಷ್ಯಾದ ಸೆಕೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಬ್ಯಾಟರಿ ಅಲ್ಲಿ ಬೇಗ ಸಾಯುತ್ತದೆ.

ಸತ್ತದ್ದು ಗೊತ್ತಾಗುವುದಿಲ್ಲ ಎಂಬುದೇ ತೊಂದರೆ. ದೀಪದ ಮೇಲೆ ಪುಟ್ಟ ಹಸಿರು ಚುಕ್ಕಿ ಉರಿಯುತ್ತಿರುತ್ತದೆ. ಅನೇಕ ದೀಪಗಳಲ್ಲಿ ಆ ಚುಕ್ಕಿಯ ಅರ್ಥ ಚಾರ್ಜರಿಗೆ ವಿದ್ಯುತ್ ಬರುತ್ತಿದೆ ಎಂದು ಮಾತ್ರ. ಬ್ಯಾಟರಿಯಲ್ಲಿ ಒಂದೂವರೆ ಗಂಟೆಯ ಶಕ್ತಿ ಉಳಿದಿದೆಯೋ ಒಂದೂವರೆ ನಿಮಿಷದ್ದೋ ಎಂದು ಆ ಚುಕ್ಕಿ ಹೇಳುವುದಿಲ್ಲ. ಪರೀಕ್ಷೆಯ ಗುಂಡಿ ಒತ್ತಿದರೆ ದೀಪ ಹೊತ್ತಬಹುದು, ಅದೂ ಪೂರ್ತಿ ಉತ್ತರವಲ್ಲ. ಹಳೆಯ ಬ್ಯಾಟರಿ ಒಂದು ನಿಮಿಷ ಚೆನ್ನಾಗಿ ಉರಿದು ಐದನೇ ನಿಮಿಷಕ್ಕೆ ಕೈಕೊಡಬಹುದು.

ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವ ನಮಗೆ ಇದು ಚಿರಪರಿಚಿತ. ಪ್ರತಿ ರಾತ್ರಿ ಬ್ಯಾಕಪ್ ಆಗಿದೆ ಎಂದು ಪರದೆಯ ಮೇಲೆ ಬರುತ್ತದೆ. ಅದರಿಂದ ಮಾಹಿತಿಯನ್ನು ವಾಪಸು ತೆಗೆದು ನೋಡುವವರೆಗೆ ಅದು ಬ್ಯಾಕಪ್ ಅಲ್ಲ, ಬರೀ ನಂಬಿಕೆ. ತುರ್ತು ದೀಪವೂ ಹಾಗೆಯೇ.

ಆದ್ದರಿಂದಲೇ ಅಮೆರಿಕದ ಮಾನದಂಡ ಎರಡು ಪರೀಕ್ಷೆಗಳನ್ನು ಹೇಳುತ್ತದೆ. ತಿಂಗಳಿಗೊಮ್ಮೆ 30 ಸೆಕೆಂಡು ಹೊತ್ತಿಸಿ ನೋಡುವುದು, ವರ್ಷಕ್ಕೊಮ್ಮೆ ಪೂರ್ತಿ 90 ನಿಮಿಷ ಉರಿಸಿ ನೋಡುವುದು. ಬ್ರಿಟಿಷ್ ಪದ್ಧತಿಯೂ ಬಹುತೇಕ ಇದೇ. ಮೊದಲನೆಯದು ಸುಲಭ, ಕಾವಲುಗಾರನೇ ಮಾಡಬಹುದು. ಎರಡನೆಯದೇ ಕಷ್ಟ. ಪೂರ್ತಿ ಉರಿಸಿದ ಮೇಲೆ ಬ್ಯಾಟರಿ ಮತ್ತೆ ತುಂಬಲು ಸುಮಾರು ಒಂದು ದಿನ ಬೇಕು, ಅಷ್ಟು ಹೊತ್ತು ಕಟ್ಟಡ ರಕ್ಷಣೆಯಿಲ್ಲದೆ ಇರುತ್ತದೆ. ಸಾವಿರಾರು ದೀಪಗಳಿರುವ ಮಾಲಿನಲ್ಲಿ ರಾತ್ರಿಯಿಡೀ ಓಡಾಡಿ ಯಾವುದು ಆರಿತು ಎಂದು ಬರೆದುಕೊಳ್ಳಲು ಜನ ಬೇಕು, ಹಣ ಬೇಕು.

ಕಟ್ಟಡ ನಡೆಸುವವರ ಈ ಕಷ್ಟವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ದಾರಿಗಳಿವೆ. ಒಂದು ವಾರ ಸಮಸಂಖ್ಯೆಯ ಮಹಡಿ, ಇನ್ನೊಂದು ವಾರ ಬೆಸಸಂಖ್ಯೆಯ ಮಹಡಿ ಎಂದು ಹಂಚಿಕೊಳ್ಳಬಹುದು. ರಜಾದಿನಕ್ಕೆ ಹೊಂದಿಸಿಕೊಳ್ಳಬಹುದು. ತಾನೇ ಪರೀಕ್ಷೆ ಮಾಡಿಕೊಂಡು ಕೆಟ್ಟರೆ ಕೆಂಪು ಚುಕ್ಕಿ ತೋರಿಸುವ ದೀಪಗಳೂ, ಎಲ್ಲ ದೀಪಗಳ ವರದಿಯನ್ನು ಒಂದೇ ಕಂಪ್ಯೂಟರಿಗೆ ಕಳಿಸುವ ವ್ಯವಸ್ಥೆಗಳೂ ಇವೆ. ಹಳೆಯ ಕಟ್ಟಡದಲ್ಲಿ ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ದುಬಾರಿಯಾದರೆ ಮೆಟ್ಟಿಲು ಮತ್ತು ಓಣಿಗಳ ದೀಪಗಳಿಂದ ಶುರು ಮಾಡಬಹುದು.

ಇನ್ನೊಂದು ಸಡಿಲ ಜಾಗ ಮಾಲೀಕ ಮತ್ತು ಬಾಡಿಗೆದಾರನ ನಡುವಿನ ಗೆರೆ. ಮೆಟ್ಟಿಲು ಕಟ್ಟಡದವರದು, ಆಫೀಸಿನ ಒಳಗು ಕಂಪನಿಯದು. ಕಂಪನಿ ಹೊಸದಾಗಿ ಒಳಾಂಗಣ ಮಾಡಿಸುತ್ತದೆ, ಮೀಟಿಂಗ್ ರೂಮುಗಳ ಗೋಡೆ ಏಳುತ್ತದೆ, ಮೊದಲು ಕಾಣುತ್ತಿದ್ದ 'ಕೆಲುಆರ್' ಫಲಕ ಈಗ ಗೋಡೆಯ ಆಚೆ. ತುರ್ತು ದೀಪ ಸ್ಟೋರ್ ರೂಮಿನ ಪಾಲು. ಯಾರೂ ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ. ಆದರೆ ನಕ್ಷೆಗೂ ನೆಲಕ್ಕೂ ಸಂಬಂಧ ತಪ್ಪಿತು. ವರ್ಷಕ್ಕೊಮ್ಮೆ ಬರುವ ತಪಾಸಣೆಗೆ ಇದು ಕಾಣಬಹುದು, ಕಾಣದೆಯೂ ಇರಬಹುದು. ದಿನವೂ ಅಲ್ಲೇ ಕುಳಿತಿರುವ ನಮ್ಮ ಕಣ್ಣಿಗೆ ಮಾತ್ರ ಕಾಣಲೇಬೇಕು.

2024ರ ಬದಲಾವಣೆ

ಕೇಳಿದರೆ ಕೆಲಸಕ್ಕೆ ಕುತ್ತು ಬಂದೀತು ಎಂಬ ಅಳುಕು, ಅದರಲ್ಲೂ ಉದ್ಯೋಗದ ಪಾಸಿನ ಮೇಲೆ ಇರುವವರಿಗೆ, ಸಹಜ. ಅವರು ತಿಳಿಯಬೇಕಾದ ಸಂಗತಿ ಒಂದಿದೆ. 1994ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2024ರ ಜೂನ್ 1ರಿಂದ ಜಾರಿಗೆ ಬಂದಿದೆ. ಅದೇ ದಿನ 1967ರ ಕಾರ್ಖಾನೆ ಮತ್ತು ಯಂತ್ರಗಳ ಕಾಯ್ದೆ ರದ್ದಾಯಿತು. ಮನೆಕೆಲಸ, ಸೇನೆ, ಹಡಗಿನಂತಹ ಕೆಲವನ್ನು ಬಿಟ್ಟರೆ ಈಗ ಎಲ್ಲ ಕೆಲಸದ ಜಾಗಗಳೂ, ನಮ್ಮ ಸೈಬರ್‌ಜಯಾದ ಆಫೀಸುಗಳೂ ಈ ಕಾಯ್ದೆಯ ಅಡಿಯಲ್ಲಿ ಬರುತ್ತವೆ.

ತಿದ್ದುಪಡಿಯ ಪ್ರಕಾರ ಕೆಲಸದ ಅಪಾಯಗಳನ್ನು ಅಂದಾಜು ಮಾಡುವುದು, ತುರ್ತು ಪರಿಸ್ಥಿತಿಗೆ ವಿಧಾನ ರೂಪಿಸುವುದು ಮಾಲೀಕರ ಕರ್ತವ್ಯ. ಐದು ಅಥವಾ ಹೆಚ್ಚು ನೌಕರರಿರುವ ಕಡೆ ಪೂರ್ಣಾವಧಿಯ ಸುರಕ್ಷತಾ ಅಧಿಕಾರಿ ಇಲ್ಲದಿದ್ದರೆ ನೌಕರರಲ್ಲೇ ಒಬ್ಬರನ್ನು ಸುರಕ್ಷತಾ ಸಂಯೋಜಕರನ್ನಾಗಿ ನೇಮಿಸಬೇಕು. ಮುಖ್ಯ ಕರ್ತವ್ಯಗಳನ್ನು ಮೀರಿದರೆ ವಿಧಿಸಬಹುದಾದ ಗರಿಷ್ಠ ದಂಡ 50 ಸಾವಿರ ರಿಂಗಿಟ್ಟಿನಿಂದ 5 ಲಕ್ಷ ರಿಂಗಿಟ್ಟಿಗೆ ಏರಿದೆ. ಕಣ್ಣೆದುರಿನ ಅಪಾಯವನ್ನು ತಿಳಿಸಿದ ಮೇಲೂ ಮಾಲೀಕರು ಕ್ರಮ ಕೈಗೊಳ್ಳದಿದ್ದರೆ ಆ ಜಾಗ ಬಿಟ್ಟು ಹೊರಡುವ ಹಕ್ಕು ನೌಕರನಿಗೆ ಇದೆ.

ಒಂದು ಕೆಟ್ಟ ದೀಪಕ್ಕಾಗಿ ಯಾರೂ ಕೆಲಸ ಬಿಟ್ಟು ಹೊರನಡೆಯಬೇಕಾಗಿಲ್ಲ. ಆದರೆ 'ನಮ್ಮ ಮಹಡಿಯ ತುರ್ತು ದೀಪಗಳನ್ನು ಕೊನೆಯ ಬಾರಿ ಪೂರ್ತಿ ಉರಿಸಿ ನೋಡಿದ್ದು ಯಾವಾಗ?' ಎಂದು ಸುರಕ್ಷತಾ ಸಂಯೋಜಕರಿಗೆ ಒಂದು ಈಮೇಲ್ ಬರೆಯುವುದು ದೂರಲ್ಲ, ಚಾಡಿಯೂ ಅಲ್ಲ. ಉತ್ತರಿಸುವುದು ಅವರ ಕೆಲಸ. ತಾರೀಕು ಹೇಳಲು ಅವರಿಗೆ ಆಗದಿದ್ದರೆ ಅದೇ ಉತ್ತರ.

ಮನೆ, ಸಭಾಂಗಣ, ಊರಿನಿಂದ ಬಂದ ಹಿರಿಯರು

ವಾಣಿಜ್ಯ ಕಟ್ಟಡದ ಮಾತು ನಮ್ಮ ಮನೆಬಾಗಿಲಿಗೂ ಬರುತ್ತದೆ. ನಮ್ಮಲ್ಲಿ ಬಹುಪಾಲು ಜನ ಎತ್ತರದ ಕಾಂಡೋಗಳಲ್ಲಿದ್ದೇವೆ. ಅಲ್ಲಿನ ಮೆಟ್ಟಿಲು, ಓಣಿಗಳ ನಿರ್ವಹಣೆ 2013ರ ಸ್ಟ್ರಾಟಾ ನಿರ್ವಹಣಾ ಕಾಯ್ದೆಯಂತೆ ರಚನೆಯಾದ ಆಡಳಿತ ಮಂಡಳಿಯದು. ವಾರ್ಷಿಕ ಸಭೆಯಲ್ಲಿ ಈಜುಕೊಳದ ಹೆಂಚು, ಕಾರ್ ಪಾರ್ಕಿಂಗ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಮೆಟ್ಟಿಲ ದೀಪದ ಬಗ್ಗೆ ಒಂದು ಪ್ರಶ್ನೆ ನಮ್ಮವರು ಕೇಳಲಿ. ಮನೆಯ ಗ್ರಿಲ್ ಬಾಗಿಲಿನ ಬೀಗದ ಕೈ ಕತ್ತಲಲ್ಲೂ ಕೈಗೆ ಸಿಗುವ ಒಂದೇ ಜಾಗದಲ್ಲಿರಲಿ.

ಊರಿನಿಂದ ಮೊಮ್ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರ ಬಗ್ಗೆ ವಿಶೇಷ ಕಾಳಜಿ ಬೇಕು. ಅವರಿಗೆ 'ಕೆಲುಆರ್' ಎಂದರೆ ಏನೆಂದು ಗೊತ್ತಿರುವುದಿಲ್ಲ. ಲಿಫ್ಟಿನಲ್ಲೇ ಹೋಗಿ ಬಂದು ರೂಢಿಯಾದವರಿಗೆ ಮೆಟ್ಟಿಲು ಎಲ್ಲಿದೆ ಎಂಬುದೂ ತಿಳಿದಿರುವುದಿಲ್ಲ. ಬಂದ ಮೊದಲ ವಾರದಲ್ಲೇ ಒಮ್ಮೆ ಕೈಹಿಡಿದು ಮೆಟ್ಟಿಲ ಬಾಗಿಲವರೆಗೆ ಕರೆದುಕೊಂಡು ಹೋಗಿ ತೋರಿಸೋಣ. ಹಸಿರು ಫಲಕದಲ್ಲಿ ಓಡುತ್ತಿರುವ ಮನುಷ್ಯನ ಚಿತ್ರವಿದ್ದರೆ ಅದನ್ನೂ ತೋರಿಸೋಣ. ಜಪಾನಿನ ಯುಕಿಯೊ ಓಟ ರೂಪಿಸಿದ ಆ ಚಿತ್ರವನ್ನು ಜಗತ್ತು ಒಪ್ಪಿಕೊಂಡದ್ದೇ ಯಾವ ಭಾಷೆಯೂ ಬಾರದವರಿಗೂ ಅದು ಅರ್ಥವಾಗುತ್ತದೆ ಎಂಬ ಕಾರಣಕ್ಕೆ.

ಕೊನೆಯದಾಗಿ, ನಮ್ಮದೇ ಕಾರ್ಯಕ್ರಮಗಳು. ರಾಜ್ಯೋತ್ಸವ, ಯುಗಾದಿ, ಗಣೇಶನ ಹಬ್ಬಗಳಿಗೆ ನಾವು ಬಾಡಿಗೆ ಸಭಾಂಗಣದಲ್ಲಿ ಸೇರುತ್ತೇವೆ. ನೃತ್ಯ ಚೆನ್ನಾಗಿ ಕಾಣಲೆಂದು ಸಭಾಂಗಣದ ದೀಪ ಆರಿಸುತ್ತೇವೆ. ಜನ ಹೆಚ್ಚಾದರೆ ಓಡಾಡುವ ದಾರಿಯಲ್ಲೇ ಹೆಚ್ಚುವರಿ ಕುರ್ಚಿ ಹಾಕುತ್ತೇವೆ. ವೇದಿಕೆಯ ಹಿಂದೆ ಗೆಜ್ಜೆ ಕಟ್ಟಿಕೊಂಡ ಪುಟ್ಟ ಮಕ್ಕಳು, ಪಕ್ಕದ ಬಾಗಿಲಿಗೆ ಅಡ್ಡವಾಗಿ ಊಟದ ಪಾತ್ರೆಗಳು. ಉಪಹಾರ್ ಚಿತ್ರಮಂದಿರಕ್ಕೂ ಇದಕ್ಕೂ ಇರುವ ದೂರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಸಂಘಗಳು ಇದಕ್ಕಾಗಿ ದೊಡ್ಡ ಸಮಿತಿ ಮಾಡಬೇಕಾಗಿಲ್ಲ. ಸಭಾಂಗಣ ಗೊತ್ತುಪಡಿಸುವಾಗಲೇ ಹೀಗೆ ಮಾಡಿದರೆ ಸಾಕು:

1. ಅಗ್ನಿ ಪ್ರಮಾಣಪತ್ರ ಬೇಕಾದ ಕಟ್ಟಡವಾದರೆ ಈ ವರ್ಷದ್ದು ಇದೆಯೇ ಎಂದು ಕೇಳುವುದು.

2. ಕಾರ್ಯಕ್ರಮಕ್ಕೆ ಮೊದಲು, ಸಭಾಂಗಣ ಖಾಲಿ ಇರುವಾಗ, ಅಲ್ಲಿನ ಸಿಬ್ಬಂದಿಯಿಂದ ದೀಪಗಳ ಸರ್ಕ್ಯೂಟ್ ಆಫ್ ಮಾಡಿಸಿ ತುರ್ತು ದೀಪ ಹೊತ್ತುತ್ತದೆಯೇ, ಹತ್ತು ನಿಮಿಷವಾದರೂ ನಿಲ್ಲುತ್ತದೆಯೇ ಎಂದು ನೋಡುವುದು.

3. ಪ್ರತಿ ನಿರ್ಗಮನ ಬಾಗಿಲನ್ನೂ ಕೈಯಿಂದ ತಳ್ಳಿ ತೆರೆದು ನೋಡುವುದು. ಬಾಗಿಲ ಆಚೆ ಏನಿದೆ ಎಂದೂ ನೋಡುವುದು.

4. ಪ್ರತಿ ಬಾಗಿಲಿಗೆ ಒಬ್ಬ ಸ್ವಯಂಸೇವಕ, ಅವರ ಕೈಯಲ್ಲಿ ಒಂದು ಟಾರ್ಚ್. ವೇದಿಕೆಯ ಹಿಂದಿನ ಮಕ್ಕಳಿಗೆ ಒಬ್ಬರು ಹೊಣೆ.

5. ಸ್ವಾಗತ ಭಾಷಣದಲ್ಲಿ ಬಾಗಿಲುಗಳು ಎಲ್ಲಿವೆ ಎಂದು ಒಂದು ನಿಮಿಷ ಹೇಳುವುದು. ತುರ್ತು ಕರೆಯ ಸಂಖ್ಯೆ 999 ಎಂದು ನೆನಪಿಸುವುದು.

ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮ ಹಿರಿಯರದು. ಇಲ್ಲಿ ಬಾವಿಯನ್ನು ಕಾನೂನು 1984ರಲ್ಲೇ ತೋಡಿಸಿದೆ. ಅದರಲ್ಲಿ ನೀರು ಉಳಿದಿದೆಯೇ ಎಂದು ಆಗಾಗ ಬಗ್ಗಿ ನೋಡುವುದಷ್ಟೇ ನಮ್ಮ ಪಾಲಿನ ಕೆಲಸ. ನಾಳೆ ಆಫೀಸಿಗೆ ಹೋದಾಗ ಊಟದ ಬಿಡುವಿನಲ್ಲಿ ಒಮ್ಮೆ ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲಿ ಕೆಳಗಿಳಿಯಿರಿ. ದಾರಿಯಲ್ಲಿ ಎಷ್ಟು ತುರ್ತು ದೀಪಗಳಿವೆ, ಯಾವುದರ ಹಸಿರು ಚುಕ್ಕಿ ಆರಿದೆ, ಕೊನೆಯ ಬಾಗಿಲು ಹೊರಕ್ಕೆ ತೆರೆಯುತ್ತದೆಯೇ ಎಂದು ನೋಡಿಕೊಂಡು ಬನ್ನಿ. ಹತ್ತು ನಿಮಿಷದ ಕೆಲಸ. ನೋಡಿದ್ದನ್ನು ಸಂಬಂಧಪಟ್ಟವರಿಗೆ ಬರೆದು ತಿಳಿಸಿ.